ರುಚಿಕೋಶ ಸಾಯುತ್ತಲೇ ಇದ್ದರೆ ನರದ ಸಂಪರ್ಕ ಹೇಗೆ ಉಳಿಯುತ್ತದೆ?

ನೀವು ಕೇಳಿರುವುದು ಎರಡು: ನಾಲಿಗೆಯ ರುಚಿಕೋಶಗಳು ಹತ್ತು-ಹದಿನೈದು ದಿನಕ್ಕೆ ಸಾಯುವುದಾದರೆ ನರ ಯಾವುದನ್ನು ಹಿಡಿದುಕೊಂಡಿರುತ್ತದೆ? ಕಿವಿಯ ಆಪರೇಷನ್ ಆದಮೇಲೆ ಕೆಲವರಿಗೆ ರುಚಿ ಕೆಡುವುದೇಕೆ?

ಮೊದಲನೆಯದಕ್ಕೆ ಉತ್ತರ: ನರ ಒಂದೇ ಕೋಶವನ್ನು ಕಾಯಂ ಹಿಡಿದಿರುವುದಿಲ್ಲ. ರುಚಿಕೋಶಗಳು ಮೊಗ್ಗಿನಂಥ ಗುಂಪುಗಳಲ್ಲಿರುತ್ತವೆ, ಇಂಥ ಒಂದು ರುಚಿಮೊಗ್ಗಿನಲ್ಲಿ ಸುಮಾರು 50ರಿಂದ 100 ಕೋಶಗಳಿರುತ್ತವೆ. ನರತಂತು ಮೊಗ್ಗಿನ ಬುಡದಿಂದ ಒಳಹೊಕ್ಕು ಕವಲೊಡೆಯುತ್ತದೆ. ಹಳೆಯ ಕೋಶ ಸತ್ತಾಗ ಆ ಕವಲು ಪಕ್ಕದಲ್ಲಿ ಬಲಿಯುತ್ತಿರುವ ಹೊಸ ಕೋಶಕ್ಕೆ ಸೇರಿಕೊಳ್ಳುತ್ತದೆ. ಸಿಹಿಯ ತಂತು ತಪ್ಪಿ ಕಹಿಯ ಕೋಶಕ್ಕೆ ಹೋಗದಂತೆ ಕೋಶಗಳೇ ಗುರುತಿನ ಅಣು ಹೊರಸೂಸುತ್ತವೆ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಕಹಿಕೋಶಕ್ಕೆ ಸೆಮಾಫೋರಿನ್ 3ಎ, ಸಿಹಿಕೋಶಕ್ಕೆ ಸೆಮಾಫೋರಿನ್ 7ಎ ಎಂಬ ಅಣು ಈ ಕೆಲಸ ಮಾಡುವುದು ಕಂಡಿತು.

ಜೋಡಣೆಯ ಬಗೆಯೂ ಒಂದೇ ಅಲ್ಲ. ಹುಳಿ ಗ್ರಹಿಸುವ ಕೋಶಕ್ಕೂ ನರಕ್ಕೂ ನಡುವೆ ಮಾಮೂಲಿ ಸಿನಾಪ್ಸ್ (ಸಂದೇಶ ದಾಟಿಸುವ ಕೂಡುಜಾಗ) ಇದೆ. ಸಿಹಿ, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನಂಥ ರುಚಿ) ಕೋಶಗಳಲ್ಲಿ ಅದು ಇಲ್ಲವೇ ಇಲ್ಲ. ಅವು ಪೊರೆಯ ದೊಡ್ಡ ರಂಧ್ರಗಳ ಮೂಲಕ ಎಟಿಪಿ ಎಂಬ ಸಣ್ಣ ಅಣುವನ್ನು ಹೊರಬಿಡುತ್ತವೆ, ಅಂಟಿಕೊಂಡೇ ಇರುವ ನರತುದಿಯ ಪಿ2ಎಕ್ಸ್2, ಪಿ2ಎಕ್ಸ್3 ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಈ ಎರಡೂ ಇಲ್ಲದ ಇಲಿಗಳಲ್ಲಿ ರುಚಿಯ ಸುದ್ದಿ ನರಕ್ಕೆ ಮುಟ್ಟುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದರ ಮರುಮುಖ: ಮೊಗ್ಗು ಉಳಿಯಬೇಕಾದರೂ ನರ ಬೇಕು. ನರ ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಮೊಗ್ಗುಗಳು ಕರಗುತ್ತವೆ. ನರ ಮರಳಿ ಬೆಳೆದರೆ ಮತ್ತೆ ಮೂಡುತ್ತವೆ. ಹೊಸ ರುಚಿಕೋಶ ಹುಟ್ಟಲು ಬೇಕಾದ ಸೋನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತದ ಒಂದು ಪಾಲು ನರದಿಂದಲೇ ಬರುತ್ತದೆ. ಚರ್ಮದ ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುವ ವಿಸ್ಮೊಡೆಗಿಬ್ ಎಂಬ ಔಷಧ ಈ ಸಂಕೇತವನ್ನು ತಡೆಯುವುದರಿಂದಲೇ ಅನೇಕ ರೋಗಿಗಳಿಗೆ ರುಚಿ ಹೋಗುತ್ತದೆ.

ಇನ್ನು ಕಿವಿ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಹೊರುವುದು ಮುಖನರದ ಕವಲಾದ ಕಾರ್ಡಾ ಟಿಂಪನಿ. ಅದು ನಾಲಿಗೆಯ ಸ್ಪರ್ಶ ಹೊರುವ ಲಿಂಗ್ವಲ್ ನರದ ಜೊತೆ ಸ್ವಲ್ಪ ದೂರ ಹೋಗಿ, ಬೇರೆಯಾಗಿ, ನಡುಗಿವಿಯಲ್ಲಿ ಮ್ಯಾಲಿಯಸ್ ಮತ್ತು ಇಂಕಸ್ ಮೂಳೆಗಳ ನಡುವೆ ಹಾಯುತ್ತದೆ. ಕಿವಿತಮಟೆಯ ಹಿಂದೆ ಕೆಲಸ ಮಾಡುವ ಸರ್ಜನ್ ಅದನ್ನು ಪಕ್ಕಕ್ಕೆ ಸರಿಸಬೇಕಾಗಬಹುದು. ಎಳೆತ ಬಿದ್ದರೆ ಆ ಬದಿಯಲ್ಲಿ ಲೋಹದಂಥ ರುಚಿ ಬರುತ್ತದೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ರುಚಿ ಕೆಡುವುದರ ಜೊತೆಗೆ ನಾಲಿಗೆ ಜೋಮು ಹಿಡಿದಂತಿದ್ದರೆ ಪೆಟ್ಟು ಬಿದ್ದಿರುವುದು ಬಹುಶಃ ಲಿಂಗ್ವಲ್ ನರಕ್ಕೆ. ಬುದ್ಧಿಹಲ್ಲು ಕೀಳಿಸಿದಾಗ ಹೀಗಾಗಬಹುದು.

ಮನೆಯಲ್ಲೇ ನೋಡಬೇಕೆಂದರೆ ನಾಲಿಗೆ ಹೊರಚಾಚಿ, ತುದಿಯ ಒಂದು ಪಕ್ಕಕ್ಕೆ ಮಾತ್ರ ಹತ್ತಿಕಡ್ಡಿಯಿಂದ ಸಕ್ಕರೆ ನೀರು ಹಚ್ಚಿ, ನಾಲಿಗೆ ಒಳಗೆಳೆಯುವ ಮೊದಲೇ ಏನು ರುಚಿ ಎಂದು ಬರೆದು ತೋರಿಸಿ. ಒಳಗೆಳೆದರೆ ಜೊಲ್ಲಿನಲ್ಲಿ ಹರಡಿ ಚೆನ್ನಾಗಿರುವ ಬದಿ ಉತ್ತರ ಕೊಟ್ಟುಬಿಡುತ್ತದೆ. ಮೆಣಸಿನಪುಡಿಯಿಂದ ಪರೀಕ್ಷಿಸಬೇಡಿ: ಖಾರದ ಉರಿ ಹೊರುವುದು ಮುಖದ ಸ್ಪರ್ಶ, ನೋವು ಹೊರುವ ಟ್ರೈಜೆಮಿನಲ್ ನರ, ರುಚಿಯ ನರ ಪೂರ್ತಿ ತುಂಡಾಗಿದ್ದರೂ ಅದು ಉರಿಯುತ್ತದೆ.