ಜ್ವರ ಇಳಿದ ಮೇಲೂ ನರ್ಸ್ ಯಾಕೆ ಬಿಡ್ತಿಲ್ಲ?

ಮಂಡ್ಯದಲ್ಲಿ ಮಗನಿಗೆ ಡೆಂಗ್ಯೂ, ಐದನೇ ದಿನಕ್ಕೆ ಜ್ವರ ಬಿಟ್ಟಿದೆ, ಆದರೂ ನರ್ಸ್ ಮನೆಗೆ ಹೋಗಬೇಡಿ ಅಂತಾರೆ ಎಂದು ಕೇಳಿದ್ದೀರಿ. ಅವರ ಮಾತು ದಯವಿಟ್ಟು ಕೇಳಿ. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಮೇಲಿನ ಒಂದೆರಡು ದಿನ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು. ಅದಕ್ಕೇ ಅವರು ಪದೇ ಪದೇ ಬಿಪಿ, ನಾಡಿ ನೋಡುವುದು, ಮೂತ್ರ ಎಷ್ಟಾಯ್ತು ಅಂತ ಬರೆದುಕೊಳ್ಳುವುದು. ಸುಮ್ನೆ ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ನೋಡುತ್ತಾ ಕೂರಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ತಕ್ಷಣ ಕರೆಯಿರಿ. ನೋವಿಗೆ ಅಂತ ಐಬುಪ್ರೊಫೆನ್, ಆಸ್ಪಿರಿನ್ ಕೊಡಲೇಬೇಡಿ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲೇ ಜಾಸ್ತಿ, ಹಾಗಾಗಿ ಹಗಲೂ ಪರದೆ ಇರಲಿ. ಮನೆಯ ನೀರಿನ ಡ್ರಮ್ ಖಾಲಿ ಮಾಡಿಸಿ, ಒಳಗೋಡೆಯನ್ನು ಬ್ರಷ್‌ನಲ್ಲಿ ಉಜ್ಜಿಸಿ. ಮೊಟ್ಟೆ ಅಲ್ಲೇ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.