ಬ್ರಯಾನ್ ಮೇ ಗಿಟಾರ್ ಇಲ್ಲೇ ಮಾಡೋರಿಗೆ: ಮೊದ್ಲು ಮರ ಒಣಗ್ಲಿ

ಸಕಲೇಶಪುರದವರೊಬ್ರು ಕೇಳಿದ್ರಲ್ಲ, ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ನುಡಿಸೋ ರೆಡ್ ಸ್ಪೆಷಲ್ ತರದ್ದೇ ಒಂದು ಗಿಟಾರ್ ಮಾಡಿಸ್ಬೇಕು, ಮಹಾಗನಿ ಎಲ್ಲಿ ಸಿಗುತ್ತೆ, ನಮ್ಮೂರ ಬಡಗಿ ಕೈಲಿ ಆಗುತ್ತಾ ಅಂತ. ಖಂಡಿತ ಆಗುತ್ತೆ. ನಾನು ಮೂಡಿಗೆರೆ ಹತ್ರ ತೋಟದ ಮನೇಲಿ ಒಂದು ಮಾಡಿದೀನಿ, ಎರಡು ವರ್ಷ ಹಿಡೀತು, ಅದ್ರಲ್ಲಿ ಒಂದು ವರ್ಷ ಮರದ ವಿಷಯದಲ್ಲಿ ಆತುರಪಟ್ಟಿದ್ದಕ್ಕೇ ಹೋಯ್ತು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮಹಾಗನಿಗೆ ಅಲೀಬೇಡಿ. 1963ರಲ್ಲಿ 16ರ ಹುಡುಗ ಬ್ರಯಾನ್ ಅಪ್ಪನ ಜೊತೆ ಕೂತು ಆ ಗಿಟಾರ್ ಶುರು ಮಾಡಿದಾಗ ಕೈಗೆ ಸಿಕ್ಕಿದ್ದನ್ನೇ ಬಳಸಿದ್ದು. ನೆಕ್ಕಿಗೆ (ಎಡಗೈಲಿ ಹಿಡಿಯೋ ಉದ್ದನೆ ಭಾಗ) ಹಳೇ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ, ಅದ್ರಲ್ಲಿದ್ದ ಹುಳದ ತೂತಿಗೆ ಬೆಂಕಿಕಡ್ಡಿ ತುಂಬಿದ್ರು. ಬಾಡಿಯ ಮಧ್ಯಕ್ಕೆ ಹಳೇ ಓಕ್ ಮೇಜಿನ ಮರ. ಫ್ರೆಟ್‌ಬೋರ್ಡಿನ (ನೆಕ್ಕಿನ ಮೇಲೆ ಬೆರಳಿಡೋ ಪಟ್ಟಿ) ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬೀಲಿದ್ದ ಗುಂಡಿಗಳು. ಆ ನೆಕ್ಕಿನ ಮರ ನೂರು ವರ್ಷಕ್ಕೂ ಹಳೇದು, ಪೂರ್ತಿ ಒಣಗಿತ್ತು, ನಮಗೆ ಬೇಕಾಗಿರೋದು ಆ ಗುಣ.

ನಾನು ಮಿಲ್ಲಲ್ಲಿ ಹೊಸದಾಗಿ ಕೊಯ್ದ ಹೊನ್ನೆ ತಂದು ಬೇಸಿಗೇಲಿ ನೆಕ್ ಮಾಡ್ಬಿಟ್ಟೆ. ನೋಡೋಕೆ ಚಿನ್ನದಂಗಿತ್ತು. ಆಷಾಢದ ಮಳೆ ಹಿಡೀತು ನೋಡಿ, ಹದಿನೈದೇ ದಿನಕ್ಕೆ ಹಗ್ಗ ಹೊಸೆದಂಗೆ ತಿರುಚ್ಕೊಂಡು ದಪ್ಪ ತಂತಿ ಫ್ರೆಟ್ಟಿಗೆ (ಆ ಪಟ್ಟಿ ಮೇಲಿನ ಅಡ್ಡ ಲೋಹದ ಕಡ್ಡಿ) ಬಡಿಯೋಕೆ ಶುರು. ನೆಕ್ಕಿನೊಳಗೆ ಹಾಕೋ ಲೋಹದ ಸರಳು, ಟ್ರಸ್ ರಾಡ್, ಬಗ್ಗಿದ್ದನ್ನ ಸರಿ ಮಾಡುತ್ತೆ, ತಿರುಚಿದ್ದನ್ನ ಮಾಡಲ್ಲ. ಎರಡನೇದು ಬಿಚ್ಚಿದ ಹಳೇ ಮನೆಯ ತೇಗದ ದಾರಂದದಿಂದ ಮಾಡಿದ್ದು, ನಾಕು ಮಳೆಗಾಲ ಕಂಡಿದೆ, ಕದಲಿಲ್ಲ.

ಹಳೇ ಮರ ಸಿಕ್ಕಿದ್ರೆ ಮೊದ್ಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಇಲ್ಲಾಂದ್ರೆ ಪ್ಲೇನರ್ ಬ್ಲೇಡ್ ಹೋಗುತ್ತೆ. ಆಮೇಲೆ ಹಲಗೇನ ಒಲೆ ಮೇಲಿನ ಅಟ್ಟದಲ್ಲಿಟ್ಟು ವಾರಕ್ಕೊಂದ್ಸಲ ಅಡಿಗೆಮನೆ ತಕ್ಕಡೀಲಿ ತೂಕ ಮಾಡಿ ಹಲಗೆ ಮೇಲೇ ಪೆನ್ಸಿಲಲ್ಲಿ ಬರೀತಾ ಹೋಗಿ, ತೂಕ ಇಳಿಯೋದು ನಿಂತು ಒಂದು ತಿಂಗಳು ಹಂಗೇ ಇದ್ರೆ ಮಾತ್ರ ಉಳಿ ಹಚ್ಚಿ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಾಕೋ ಮುಂಚೆ ಥಿನ್ನರ್ ಬಟ್ಟೇಲಿ ಚೆನ್ನಾಗಿ ಒರೆಸಿ. ಬಾಡಿಗೆ ಹಲಸು ನನಗೆ ತುಂಬ ಇಷ್ಟ, ಮೃದಂಗಕ್ಕೂ ಅದೇ ಮರ, ತೂಕ ಜಾಸ್ತಿ ಇಲ್ಲ. ಮೂಲ ಗಿಟಾರ್ ಒಳಗೂ ಟೊಳ್ಳಿದೆ, ಗಟ್ಟಿ ದಿಮ್ಮಿ ಮಾಡ್ಬೇಡಿ.

ಅಳತೇಲಿ ಮಾತ್ರ ರಾಜಿ ಬೇಡ. ಸ್ಕೇಲ್ (ತಂತಿ ಮಿಡಿಯೋ ಉದ್ದ) 24 ಇಂಚು, ಅಂದ್ರೆ 609.6 ಮಿ.ಮೀ., ಫ್ರೆಟ್ 24, ಜೊತೆಗೊಂದು ಜೀರೋ ಫ್ರೆಟ್, ಅಂದ್ರೆ ತಂತಿಯ ಅಳತೆ ಶುರುವಾಗೋ ಫ್ರೆಟ್. ಎಲ್ಲ ಫ್ರೆಟ್ಟನ್ನೂ ಜೀರೋ ಫ್ರೆಟ್ಟಿಂದಲೇ ಅಳೀರಿ, ಒಂದರಿಂದ ಇನ್ನೊಂದಕ್ಕೆ ಅಳೆದ್ರೆ ತಪ್ಪು ಕೂಡ್ತಾ ಹೋಗಿ ಮೇಲಿನ ಸ್ವರ ಎಲ್ಲ ಅಪಸ್ವರ. ಮೊದಲನೇದು 34.21 ಮಿ.ಮೀ.ಗೆ, 12ನೇದು 304.8ಕ್ಕೆ, 24ನೇದು 457.2ಕ್ಕೆ ಬರ್ಬೇಕು. ಫ್ರೆಟ್ ಗುರುತು ಪ್ರಿಂಟ್ ತಗೊಂಡ ಕಾಗದ ನಂಬೋ ಮುಂಚೆ ಈ ಮೂರನ್ನ ಸ್ಟೀಲ್ ಸ್ಕೇಲಿಟ್ಟು ನೋಡಿ.

ಟ್ರೆಮೊಲೊ (ತಂತಿ ಸಡಿಲಿಸಿ ಸ್ವರ ಅಲುಗಿಸೋ ವ್ಯವಸ್ಥೆ) ಬಗ್ಗೆ ಎಲ್ರಿಗೂ ಆಸೆ, ಚಾಕುವಿನ ಅಲಗಿನಂಥ ಅಂಚಿನ ಮೇಲೆ ತೂಗಾಡುತ್ತೆ, ಬ್ರಯಾನ್ ಮೇ ಹಾಕಿದ್ದು 1928ರ ಪ್ಯಾಂಥರ್ ಬೈಕಿನ ವಾಲ್ವ್ ಸ್ಪ್ರಿಂಗು. ಆದ್ರೆ 9ರ ಸೆಟ್ (ಅತಿ ತೆಳುವಾದ ತಂತಿ 0.009 ಇಂಚಿನದು) ತಂತಿ ಆರೂ ಸೇರಿ ಸುಮಾರು 35 ಕೆಜಿ ಎಳೆಯುತ್ತೆ, ಅದನ್ನ ತೂಗಿಸೋದೇ ಒಂದು ಬೇರೆ ಕೆಲ್ಸ. ಮೊದಲನೇ ಗಿಟಾರಿಗೆ ಫಿಕ್ಸೆಡ್ ಬ್ರಿಡ್ಜ್ (ತಂತಿ ಕೂರೋ, ಅಲುಗದ ಪಟ್ಟಿ) ಸಾಕು.

ಆ ಸೌಂಡ್ ಬರೋದ್ರಲ್ಲಿ ವೈರಿಂಗಿನ ಪಾಲು ದೊಡ್ಡದು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಲ್ಲಿ ಪಿಕಪ್ಪುಗಳು (ತಂತಿಯ ಕಂಪನವನ್ನ ಸಿಗ್ನಲ್ ಮಾಡೋ ಕಾಯಿಲ್) ಪ್ಯಾರಲಲ್, ಅಕ್ಕಪಕ್ಕ ಜೋಡಿಸಿದ್ದು, ಇಲ್ಲಿ ಮೂರೂ ಸೀರೀಸ್, ಒಂದರ ಹಿಂದೊಂದು, ಪ್ರತಿ ಪಿಕಪ್ಪಿಗೂ ಒಂದು ಆನ್-ಆಫ್, ಒಂದು ಫೇಸ್ ಸ್ವಿಚ್ಚು (ಸಿಗ್ನಲನ್ನ ತಿರುವುಮುರುವು ಮಾಡೋದು). ಸೀರೀಸಲ್ಲಿ ಆಫ್ ಅಂದ್ರೆ ವೈರ್ ಕಡಿಯೋದಲ್ಲ, ಆ ಪಿಕಪ್ಪನ್ನ ಬೈಪಾಸ್ ಮಾಡೋದು. ನಮ್ಮಲ್ಲಿ ಟಿವಿ ರಿಪೇರಿ ಹುಡುಗ ಕಡಿದು ಕೊಟ್ಟಿದ್ದ, ಒಂದು ಆಫ್ ಮಾಡಿದ್ರೆ ಗಿಟಾರೇ ಮೂಕ. ಮಲ್ಟಿಮೀಟರ್ ಇಟ್ಟು ನೋಡಿ, ಎರಡು ಪಿಕಪ್ ಆನ್ ಮಾಡಿದಾಗ ರೀಡಿಂಗ್ ಕೂಡಿ ಬಂದ್ರೆ ಸೀರೀಸ್, ಅರ್ಧ ಆದ್ರೆ ಪ್ಯಾರಲಲ್. ಬ್ರಿಡ್ಜ್ ಹತ್ರದ ಪಿಕಪ್ಪು ಮತ್ತೆ ಮಧ್ಯದ್ದು ಎರಡೂ ಇನ್ ಫೇಸಲ್ಲಿ (ತಿರುವುಮುರುವಾಗದಂಗೆ) ಇಟ್ಟು ಮೊದ್ಲು ನುಡಿಸಿ, ಬ್ರಯಾನ್ ಮೇ ಹೆಚ್ಚು ಬಳಸೋದು ಅದನ್ನೇ.

ಬೀಟೆ ಹಾಕ್ಲಾ ಅಂತಾನೂ ಕೇಳಿದ್ರಿ, ಬೇಡ. ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಮೂಲದ ಫ್ರೆಟ್‌ಬೋರ್ಡೂ ಕಪ್ಪು ಬಳಿದ ಓಕ್ ಮರವೇ. ಈಗ ಸದ್ಯಕ್ಕೆ ಒಂದು ಹಳೇ ತೇಗದ ದಾರಂದ ಹುಡುಕಿ ಅಟ್ಟಕ್ಕೆ ಹಾಕಿ, ದೀಪಾವಳಿ ಕಳೆದ್ಮೇಲೆ ಬರೆದಿಟ್ಟ ತೂಕ ಎಲ್ಲ ಇಲ್ಲಿ ಹಾಕಿ, ಮಿಕ್ಕ ಫ್ರೆಟ್ ಅಳತೆ ಕಳಿಸ್ತೀನಿ.