ಪ್ರತಿಕ್ರಿಯೆ: ಕಾಲ ದಾಟಿದ ಪ್ರೇಮಕಥೆ ಯಾಕೆ ಸಪ್ಪೆ?

ನಿಮ್ಮ ಕಥೆಯ ನಾಯಕಿ ಕಾಲ ದಾಟಿಸುವ ಒಂದು ಬಾಗಿಲಿನಿಂದ ಇವತ್ತಿನಿಂದ 1897ರ ಬೆಂಗಳೂರಿಗೆ ಹೋಗಿ ಅಲ್ಲಿನ ಹುಡುಗನನ್ನು ಪ್ರೀತಿಸಿದರೂ ಓದಿದವರು ‘ಸಪ್ಪೆ’ ಅನ್ನುತ್ತಿದ್ದರೆ, ಕಾರಣ ಬಹುಶಃ ಆ ಬಾಗಿಲು. ಬೇಕಾದಾಗ ಹೋಗಿ ಬರಬಹುದು ಅಂದಮೇಲೆ ಅಗಲುವ ಭಯ ಎಲ್ಲಿಂದ ಬರಬೇಕು? ಇಂಥ ಕಥೆ ಓದುವ ಸುಖವೇ ಆ ಭಯದಲ್ಲಿದೆ, ಅಲ್ವಾ? ನಾನೂ ಇದೇ ತಪ್ಪು ಮಾಡಿದ್ದೆ.

ಮೊದಲು ಬಾಗಿಲಿಗೆ ನಿಯಮ ಹಾಕಿ. ಇನ್ನೊಂದೇ ಸಲ ತೆರೆಯುತ್ತದೆ, ಅಷ್ಟೇ. ಅದನ್ನು ಶುರುವಿನಲ್ಲೇ ಹೇಳಿಬಿಡಿ.

ಆಮೇಲೆ ಅವಳಿಗೆ ಗೊತ್ತಿರುವುದನ್ನು ಬಳಸಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಡುಗನ ಮನೆ ಪೇಟೆಯಲ್ಲಿದೆ ಅಂದಿದ್ದೀರಿ. ಪ್ಲೇಗ್ ಬರುವುದು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ‘ಊರು ಬಿಡು’ ಅಂದರೆ ನಂಬುತ್ತಾನಾ? ನಂಬಿ ಹೊರಟರೆ ಅವಳಿಂದಲೂ ದೂರವಾಗುತ್ತಾನೆ. ಈ ಒಂದು ದೃಶ್ಯಕ್ಕೆ ಹತ್ತು ಪುಟ ಕೊಟ್ಟರೂ ಜಾಸ್ತಿಯಲ್ಲ.

ಬೀದಿಯಲ್ಲಿ ಕರೆಂಟ್ ದೀಪ ಉರಿಯುವ ಸಾಲು ತೆಗೆಯಿರಿ. ಅದು ಬಂದದ್ದು 1905ರಲ್ಲಿ. ಪ್ರೇಮಕ್ಕೆ ಸೀಮೆಎಣ್ಣೆ ದೀಪವೇ ವಾಸಿ ಬಿಡಿ.

ಕೊನೆಗೆ ಅವಳು ಅಲ್ಲೇ ಉಳಿಯಬೇಕಾ, ವಾಪಸ್ ಬರಬೇಕಾ? ಪೂರ್ತಿ ಕಥೆ ಓದದೆ ಹೇಳುವುದು ಕಷ್ಟ. ಎರಡನ್ನೂ ಬರೆದು ನೋಡಿ. ಬರೆಯುವಾಗ ನಿಮಗೆ ಯಾವುದು ಜಾಸ್ತಿ ಸಂಕಟ ಕೊಡುತ್ತದೋ ಅದನ್ನೇ ಇಟ್ಟುಕೊಳ್ಳಿ.